ದೇಶವಿಲ್ಲದವರಿಗೆ ಒಂದು ಕಾಗದ

ಮೊದಲು ನನ್ನದೇ ಒಂದು ಸಣ್ಣ ಕತೆ ಹೇಳಿಬಿಡುತ್ತೇನೆ. ಹತ್ತನೆಯ ತರಗತಿ ಮುಗಿಸಿ ಕನ್ನಡ ಶಾಲೆಯಿಂದ ಕಾಲೇಜಿಗೆ ಸೇರುವಾಗ ನನ್ನ ಟಿ.ಸಿ.ಯಲ್ಲಿ ಅಪ್ಪನ ಹೆಸರಿನ ಒಂದಕ್ಷರ ತಪ್ಪಾಗಿತ್ತು. ಕಾಲೇಜಿನವರು ತಿದ್ದಿಸಿಕೊಂಡು ಬಾ ಅಂತ ಕಳಿಸಿದರು. ಶಾಲೆಯವರು ನಿನ್ನ ಹೆಸರು ರಿಜಿಸ್ಟರಿನಿಂದ ತೆಗೆದಾಗಿದೆ, ಅರ್ಜಿ ಕೊಟ್ಟು ಕಾಯಬೇಕು ಅಂದರು. ಹದಿನೆಂಟು ದಿನ ನಾನು ಅಲ್ಲಿಯವನೂ ಅಲ್ಲ, ಇಲ್ಲಿಯವನೂ ಅಲ್ಲ. ಲೋಕಲ್ ಟ್ರೇನಿನ ವಿದ್ಯಾರ್ಥಿ ಪಾಸು ಕೂಡ ಸಿಗಲಿಲ್ಲ. ಆದರೆ ಮನೆಯಲ್ಲಿ ಊಟ ಇತ್ತು, ಮಲಗಲು ಚಾಪೆ ಇತ್ತು, ಗೇಟಿನ ಹತ್ತಿರ ಪೋಲೀಸರು ನಿಂತಿರಲಿಲ್ಲ. ಹೀಗಾಗಿ ಅದು ಈಗ ಹೇಳಿಕೊಂಡು ನಗುವ ಕತೆ.

1921ನೇ ಇಸವಿಯಲ್ಲಿ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರು ಇದೇ ಸ್ಥಿತಿಯಲ್ಲಿದ್ದರು. ಅವರದ್ದು ನಗುವ ಕತೆಯಲ್ಲ. ಬಿಟ್ಟುಬಂದ ದೇಶ ಇವರು ನಮ್ಮವರಲ್ಲ ಅಂದಿತ್ತು. ಬಂದು ಸೇರಿದ ದೇಶ ಇನ್ನೊಂದು ದೇಶಕ್ಕೆ ಹೋಗಿ ಅಂತಿತ್ತು. ಆ ಇನ್ನೊಂದು ದೇಶದ ಗಡಿಯಲ್ಲಿ ಪಾಸ್‌ಪೋರ್ಟು ತೋರಿಸಿ ಅಂತಿದ್ದರು. ಈ ಮೂರು ಬಾಗಿಲುಗಳ ನಡುವೆ ಸಿಕ್ಕಿಕೊಂಡ ಜನರಿಗಾಗಿ ಕೆಲಸ ಮಾಡಿದವನು ಫ್ರಿಡ್ಯೋಫ್ ನಾನ್ಸೆನ್. ಧ್ರುವ ಪ್ರದೇಶದ ಸಾಹಸಿ ಅಂತ ಆತನ ಹೆಸರನ್ನು ನಮ್ಮಲ್ಲಿ ಕೆಲವರು ಕೇಳಿರಬಹುದು. ಆತನ ಬದುಕಿನ ಕೊನೆಯ ಹತ್ತು ವರ್ಷಗಳ ಬಗ್ಗೆ ಓದಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಅದಕ್ಕೇ ಈ ಬರಹ.

ನಾನ್ಸೆನ್ ಹುಟ್ಟಿದ್ದು 1861ರ ಅಕ್ಟೋಬರ್ 10ರಂದು, ನಾರ್ವೆಯ ರಾಜಧಾನಿಯ ಹತ್ತಿರ. ಆ ಊರಿಗೆ ಆಗ ಕ್ರಿಸ್ಟಿಯಾನಿಯ ಅಂತ ಹೆಸರು, ಈಗ ಅದು ಓಸ್ಲೊ. ತಂದೆ ವಕೀಲರು. ಹುಡುಗನಿಗೆ ಮನೆಯೊಳಗಿಗಿಂತ ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಜಾರುವುದೇ ಇಷ್ಟ. ಓದಿದ್ದು ಪ್ರಾಣಿಶಾಸ್ತ್ರ. ಬರ್ಗೆನ್ ಊರಿನ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕಿದ್ದುಕೊಂಡು ಸಣ್ಣ ಸಮುದ್ರಜೀವಿಗಳ ನರಮಂಡಲದ ಬಗ್ಗೆ ಸಂಶೋಧನೆ ಮಾಡಿ 1888ರಲ್ಲಿ ಡಾಕ್ಟರೇಟ್ ಪಡೆದ. ಅದೇ ವರ್ಷ, ಯಾರೂ ಅಡ್ಡಲಾಗಿ ದಾಟದಿದ್ದ ಗ್ರೀನ್‌ಲ್ಯಾಂಡಿನ ಹಿಮಪ್ರದೇಶವನ್ನು ದಾಟಲು ಹೊರಟ.

ಇಲ್ಲಿ ಆತನ ಬುದ್ಧಿ ನೋಡಬೇಕು. ಗ್ರೀನ್‌ಲ್ಯಾಂಡಿನ ಪಶ್ಚಿಮ ದಂಡೆಯಲ್ಲಿ ಜನವಸತಿ ಇತ್ತು, ಪೂರ್ವ ದಂಡೆಯಲ್ಲಿ ಬರೀ ಮಂಜುಗಡ್ಡೆ. ಹಿಂದಿನವರು ಪಶ್ಚಿಮದಿಂದ ಹೊರಟು, ಕಷ್ಟವಾದಾಗ ತಿರುಗಿ ಬಂದಿದ್ದರು. ನಾನ್ಸೆನ್ ಪೂರ್ವದ ಕಡೆ ಇಳಿದ. ಹಿಂದೆ ತಿರುಗಿದರೆ ಸಾವು, ಮುಂದೆ ಹೋದರೆ ಊರು. ಜೊತೆಗಿದ್ದವರು ಐದು ಜನ, ಅವರಲ್ಲಿ ಇಬ್ಬರು ಸಾಮಿ ಬುಡಕಟ್ಟಿನವರು. ಆಗಸ್ಟಿನಲ್ಲಿ ಹತ್ತಲು ಶುರುಮಾಡಿದ ಅವರು ಅಕ್ಟೋಬರ್ 3ಕ್ಕೆ ಪಶ್ಚಿಮದ ಗೊಡ್ಥೋಬ್ ಊರು ಮುಟ್ಟಿದರು. ಅಷ್ಟರಲ್ಲಿ ಆ ವರ್ಷದ ಕೊನೆಯ ಹಡಗು ತಪ್ಪಿಹೋಗಿತ್ತು. ಇಡೀ ಚಳಿಗಾಲವನ್ನು ನಾನ್ಸೆನ್ ಇನ್ಯುಯಿಟ್ ಜನರ ನಡುವೆ ಕಳೆದ. ಅವರ ದೋಣಿ ನಡೆಸಲು ಕಲಿತ, ಅವರ ಬದುಕಿನ ಬಗ್ಗೆ ಮುಂದೆ ಒಂದು ಪುಸ್ತಕವನ್ನೇ ಬರೆದ. ಪರರ ನಾಡಿನಲ್ಲಿ ಹಡಗು ತಪ್ಪಿದವನಿಗೆ ಬೇರೆಯವರ ಒಲೆಯ ಬಿಸಿ ಅಂದರೇನು ಅಂತ ಆತನಿಗೆ ಇಪ್ಪತ್ತೇಳನೇ ವಯಸ್ಸಿಗೇ ಗೊತ್ತಾಗಿತ್ತು.

ಇನ್ನೊಂದು ಸಾಹಸ ಇದಕ್ಕೂ ದೊಡ್ಡದು. ಉತ್ತರ ಧ್ರುವದ ಸಮುದ್ರದಲ್ಲಿ ಮಂಜುಗಡ್ಡೆ ಪೂರ್ವದಿಂದ ಪಶ್ಚಿಮಕ್ಕೆ ನಿಧಾನವಾಗಿ ತೇಲುತ್ತದೆ ಅಂತ ನಾನ್ಸೆನ್ ತರ್ಕಿಸಿದ. ಹಾಗಿದ್ದರೆ ಹಡಗನ್ನು ಬೇಕಂತಲೇ ಮಂಜಿನಲ್ಲಿ ಸಿಕ್ಕಿಸಿಬಿಟ್ಟರೆ ಮಂಜೇ ಅದನ್ನು ಹೊತ್ತೊಯ್ಯಬೇಕಲ್ಲ? ಅದಕ್ಕಾಗಿ ಕಟ್ಟಿಸಿದ ಹಡಗಿನ ಹೆಸರು ಫ್ರಾಮ್, ಅಂದರೆ ಮುಂದಕ್ಕೆ. ಅದರ ತಳ ಬಟ್ಟಲಿನಂತೆ ದುಂಡಗೆ. ಮಂಜು ಹಿಂಡಿದರೆ ಒಡೆಯುವ ಬದಲು ಮೇಲಕ್ಕೇಳಬೇಕು ಅನ್ನೋದು ಯೋಚನೆ. 1893ರಲ್ಲಿ ಹೊರಟರು, ಮಂಜಿನಲ್ಲಿ ಸಿಕ್ಕಿಕೊಂಡರು, ತೇಲಿದರು. ಧ್ರುವ ಸಿಗುವಂತೆ ಕಾಣಲಿಲ್ಲ. 1895ರ ಮಾರ್ಚಿನಲ್ಲಿ ನಾನ್ಸೆನ್ ಒಬ್ಬ ಜೊತೆಗಾರನೊಂದಿಗೆ ಹಡಗಿನಿಂದ ಇಳಿದು ನಾಯಿಬಂಡಿಗಳ ಮೇಲೆ ಉತ್ತರಕ್ಕೆ ಹೊರಟ. 86 ಡಿಗ್ರಿ 14 ನಿಮಿಷದವರೆಗೆ ಹೋಗಿ ತಿರುಗಬೇಕಾಯಿತು. ಅಲ್ಲಿಯವರೆಗೆ ಅಷ್ಟು ಉತ್ತರಕ್ಕೆ ಯಾವ ಮನುಷ್ಯನೂ ಹೋಗಿರಲಿಲ್ಲ. ವಾಪಸು ಬರುವಾಗ ಹಡಗು ಎಲ್ಲಿದೆ ಅಂತ ಗೊತ್ತಿಲ್ಲ. ಒಂದು ದ್ವೀಪದಲ್ಲಿ ಕಲ್ಲು ಪೇರಿಸಿ ಗುಡಿಸಲು ಮಾಡಿಕೊಂಡು, ಕರಡಿ ಮತ್ತು ವಾಲ್‌ರಸ್ ಮಾಂಸ ತಿಂದು, ಇಬ್ಬರೂ ಒಂದು ಇಡೀ ಚಳಿಗಾಲ ಬದುಕಿದರು. 1896ರ ಜೂನಿನಲ್ಲಿ ಅಲ್ಲಿಗೆ ಬಂದಿದ್ದ ಒಬ್ಬ ಇಂಗ್ಲಿಷ್ ಅನ್ವೇಷಕ ಅಕಸ್ಮಾತ್ ಸಿಕ್ಕಿ ಪಾರಾದರು. ಅದೇ ಆಗಸ್ಟಿನಲ್ಲಿ ಫ್ರಾಮ್ ಕೂಡ ಹಾನಿಯಿಲ್ಲದೆ ಊರು ಸೇರಿತು. ಹದಿಮೂರು ಜನರಲ್ಲಿ ಒಬ್ಬನೂ ಸಾಯಲಿಲ್ಲ.

ಇದರಿಂದ ನಾನ್ಸೆನ್‌ಗೆ ಸಿಕ್ಕ ಹೆಸರನ್ನು ನಾವು ಕಾಮರ್ಸಿನವರು ಗುಡ್‌ವಿಲ್ ಅಂತೀವಿ. ಬ್ಯಾಲೆನ್ಸ್ ಶೀಟಿನಲ್ಲಿ ಅದನ್ನು ಮುಟ್ಟಿ ನೋಡಲು ಬರುವುದಿಲ್ಲ, ಆದರೆ ಬೆಲೆ ಇದೆ. ಆ ಹೆಸರನ್ನು ಆತ ದೇಶಕ್ಕೆ ಬಳಸಿದ. 1905ರಲ್ಲಿ ನಾರ್ವೆ ಸ್ವೀಡನ್ನಿನ ಜೊತೆಗಿನ ಒಕ್ಕೂಟ ಬಿಟ್ಟು ಸ್ವತಂತ್ರವಾದಾಗ, ಹೊಸ ರಾಜ್ಯದ ಮೊದಲ ರಾಯಭಾರಿಯಾಗಿ ಲಂಡನ್ನಿಗೆ ಹೋದವನು ಇವನೇ. 1907ರಲ್ಲಿ ಹೆಂಡತಿ ಏವಾ ತೀರಿಕೊಂಡಳು. ಮೊದಲನೇ ಮಹಾಯುದ್ಧದ ಕಾಲದಲ್ಲಿ ನಾರ್ವೆಗೆ ಧಾನ್ಯ ಬರುವುದು ಕಷ್ಟವಾದಾಗ ವಾಷಿಂಗ್ಟನ್ನಿಗೆ ಹೋಗಿ ತಿಂಗಳುಗಟ್ಟಲೆ ಚೌಕಾಸಿ ಮಾಡಿ ಒಪ್ಪಂದ ಮಾಡಿಸಿಕೊಂಡು ಬಂದ. ಹಡಗು, ಧಾನ್ಯ, ಸಾಲ, ಸಹಿ ಇವುಗಳ ವ್ಯವಹಾರ ಆತನಿಗೆ ಹೀಗೆ ಕೈಗೆ ಹತ್ತಿತು.

ಯುದ್ಧ ಮುಗಿಯಿತು. 1920ರ ಹೊತ್ತಿಗೂ ಲಕ್ಷಾಂತರ ಯುದ್ಧಕೈದಿಗಳು ತಮ್ಮ ಊರಿನಿಂದ ದೂರ ಉಳಿದಿದ್ದರು. ಜರ್ಮನಿ, ಆಸ್ಟ್ರಿಯ, ಹಂಗೆರಿಯ ಸೈನಿಕರು ರಷ್ಯದಲ್ಲಿ, ಸೈಬೀರಿಯದಲ್ಲಿ. ರಷ್ಯದ ಸೈನಿಕರು ಜರ್ಮನಿಯಲ್ಲಿ. ಹೊಸದಾಗಿ ಹುಟ್ಟಿದ್ದ ರಾಷ್ಟ್ರಸಂಘ ಅವರನ್ನು ಊರು ಮುಟ್ಟಿಸುವ ಕೆಲಸವನ್ನು ನಾನ್ಸೆನ್‌ಗೆ ಒಪ್ಪಿಸಿತು. ಸೋವಿಯತ್ ಸರಕಾರ ರಾಷ್ಟ್ರಸಂಘವನ್ನು ಒಪ್ಪುತ್ತಿರಲಿಲ್ಲ, ಆದರೆ ನಾನ್ಸೆನ್ ಎಂಬ ವ್ಯಕ್ತಿಯ ಜೊತೆ ಮಾತಾಡಲು ಒಪ್ಪಿತು. ಗುಡ್‌ವಿಲ್ ಅಂದೆನಲ್ಲ, ಅದು ಇದೇ. ಹಣ ಸಾಲ ತಂದು, ಹಡಗುಗಳನ್ನು ಹೊಂದಿಸಿ, ಬಾಲ್ಟಿಕ್ ಸಮುದ್ರದ ದಾರಿಯಲ್ಲಿ ಆ ಕಡೆಯವರನ್ನು ಈ ಕಡೆ, ಈ ಕಡೆಯವರನ್ನು ಆ ಕಡೆ ಸಾಗಿಸಿದರು. 1922ರ ಹೊತ್ತಿಗೆ 4,27,000ಕ್ಕೂ ಹೆಚ್ಚು ಜನ ಮನೆ ಸೇರಿದರು.

ಇದನ್ನು ಓದಿದಾಗ ನನಗೆ ಬಿಲ್ ಆಫ್ ಲೇಡಿಂಗ್ ಪಾಠ ನೆನಪಾಯಿತು. ಸರಕು ಹಡಗಿನಲ್ಲಿ ಹೋಗಬೇಕಾದರೆ ಕಳಿಸುವವನು ಬೇಕು, ಪಡೆಯುವವನು ಬೇಕು, ನಡುವೆ ಕಾಗದ ಬೇಕು. ಯುದ್ಧಕೈದಿಗಳ ವಿಷಯದಲ್ಲಿ ಮೂರೂ ಇತ್ತು. ಕಳಿಸುವ ದೇಶಕ್ಕೆ ಕಳಿಸಿದರೆ ಸಾಕಾಗಿತ್ತು. ಪಡೆಯುವ ಕಡೆ ತಾಯಿ ತಂದೆ ಹೆಂಡತಿ ಮಕ್ಕಳು ಕಾದಿದ್ದರು. ಅದಕ್ಕಿಂತ ಹೆಚ್ಚಾಗಿ, ಕೈದಿಗಳಿಗೇ ಹೋಗಬೇಕು ಅನ್ನೋ ಆಸೆ ಇತ್ತು. ಮನುಷ್ಯ ಸರಕಲ್ಲ. ಸರಕಿಗೆ ಈ ನಾಲ್ಕನೆಯ ವಿಷಯ, ಅಂದರೆ ಅದರ ಇಷ್ಟ, ಇರುವುದಿಲ್ಲ. ನಾನ್ಸೆನ್‌ನ ಮುಂದಿನ ಹತ್ತು ವರ್ಷದ ಕಷ್ಟವೆಲ್ಲ ಈ ನಾಲ್ಕನೆಯದರ ಸುತ್ತಲೇ ಇದೆ.

1921ರಲ್ಲಿ ರಾಷ್ಟ್ರಸಂಘ ಆತನನ್ನು ರಷ್ಯದ ನಿರಾಶ್ರಿತರ ಹೈಕಮಿಷನರ್ ಆಗಿ ನೇಮಿಸಿತು. ಇವರು ಕ್ರಾಂತಿಯಿಂದ, ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದವರು. 1920ರ ನವೆಂಬರಿನಲ್ಲಿ ಕ್ರೈಮಿಯದಿಂದಲೇ ಸುಮಾರು ಒಂದೂವರೆ ಲಕ್ಷ ಜನ ಹಡಗು ತುಂಬಿ ಕಾನ್‌ಸ್ಟಾಂಟಿನೋಪಲ್ ಕಡೆಗೆ, ಅಂದರೆ ಇಂದಿನ ಇಸ್ತಾಂಬುಲ್ ಕಡೆಗೆ ಬಂದಿದ್ದರು. ಅಷ್ಟು ಜನಕ್ಕೆ ಅಲ್ಲಿ ಕೆಲಸವಿಲ್ಲ, ಅನ್ನ ಹಾಕುವವರಿಗೂ ಸಾಕಾಗುತ್ತಾ ಬಂತು. ಬೇರೆ ದೇಶಗಳಿಗೆ ಕಳಿಸೋಣ ಅಂದರೆ ಗಡಿ ದಾಟಲು ಪಾಸ್‌ಪೋರ್ಟಿಲ್ಲ. ಇದ್ದವರದ್ದೂ ಮುಳುಗಿಹೋದ ತ್ಸಾರ್ ಸರಕಾರದ ಪಾಸ್‌ಪೋರ್ಟು, ಅಂದರೆ ದಿವಾಳಿಯಾದ ಬ್ಯಾಂಕಿನ ಚೆಕ್ಕು. 1921ರ ಡಿಸೆಂಬರಿನಲ್ಲಿ ಸೋವಿಯತ್ ಸರಕಾರ ಹೀಗೆ ಹೊರಗೆ ಹೋದವರ ಪೌರತ್ವವನ್ನೇ ತೆಗೆದುಹಾಕುವ ಆಜ್ಞೆ ಹೊರಡಿಸಿತು. ಕಾಗದವಿಲ್ಲದವನನ್ನು ಒಂದು ದೇಶದ ಪೋಲೀಸರು ರಾತ್ರಿ ಗಡಿಯಾಚೆ ತಳ್ಳುವರು. ಆ ದೇಶದವರು ಅಕ್ರಮವಾಗಿ ಬಂದೆ ಅಂತ ಜೈಲಿಗೆ ಹಾಕುವರು, ಶಿಕ್ಷೆ ಮುಗಿದ ಮೇಲೆ ಮತ್ತೆ ಗಡಿಯಾಚೆ ತಳ್ಳುವರು. ಇದ್ದದ್ದೇ ಅಪರಾಧ.

1922ರ ಜುಲೈಯಲ್ಲಿ ಜಿನೀವಾದಲ್ಲಿ ನಾನ್ಸೆನ್ ಒಂದು ಸಭೆ ಕರೆದ. ಅಲ್ಲಿ ಒಪ್ಪಿಗೆಯಾದದ್ದೇ ಮುಂದೆ ನಾನ್ಸೆನ್ ಪಾಸ್‌ಪೋರ್ಟು ಅಂತ ಹೆಸರಾದ ಪ್ರಮಾಣಪತ್ರ. ಮೊದಲು 16 ಸರಕಾರಗಳು ಒಪ್ಪಿದವು, ಬರಬರುತ್ತಾ 50ಕ್ಕೂ ಹೆಚ್ಚು. ಅದನ್ನು ಕೊಡುತ್ತಿದ್ದದ್ದು ರಾಷ್ಟ್ರಸಂಘವಲ್ಲ, ನಿರಾಶ್ರಿತ ಇರುವ ದೇಶದ ಸರಕಾರ. ಒಂದು ಹಾಳೆ, ಅದರಲ್ಲಿ ಹೆಸರು, ವಯಸ್ಸು, ಗುರುತು. ಅವಧಿ ಮುಗಿದರೆ ಮತ್ತೆ ಮಾಡಿಸಬೇಕು. ರಷ್ಯದೊಳಗೆ ಕಾಲಿಟ್ಟರೆ ಅದು ರದ್ದು. ಪೌರತ್ವವನ್ನೂ ಅದು ಕೊಡುತ್ತಿರಲಿಲ್ಲ. ಆದರೂ ಇವನು ಇಂಥವನು ಅಂತ ಒಂದು ಸರಕಾರ ಸಹಿ ಹಾಕಿ ಹೇಳಿದ ಹಾಗಾಯಿತು. ಮುಂದೆ ಇದು 1924ರಲ್ಲಿ ಆರ್ಮೇನಿಯದವರಿಗೂ, 1928ರಲ್ಲಿ ಅಸ್ಸೀರಿಯನ್ ಮೊದಲಾದ ಜನರಿಗೂ ವಿಸ್ತರಿಸಿತು. ಒಟ್ಟು ಸುಮಾರು ನಾಲ್ಕೂವರೆ ಲಕ್ಷ ಜನ ಇದನ್ನು ಪಡೆದರು. ಸಂಗೀತಗಾರ ಸ್ಟ್ರಾವಿನ್ಸ್ಕಿ, ಚಿತ್ರಕಾರ ಶಾಗಾಲ್, ಕಾದಂಬರಿಕಾರ ನಬೊಕೊವ್ ಅವರಲ್ಲಿದ್ದರು. ಹೆಚ್ಚಿನವರು ನಮ್ಮ ನಿಮ್ಮಂಥವರೇ.

ಆದರೆ ಮೊದಲ ವರ್ಷಗಳ ಆ ಕಾಗದದಲ್ಲಿ ಒಂದು ದೊಡ್ಡ ತೂತಿತ್ತು. ಕೊಟ್ಟ ದೇಶ ಆತನನ್ನು ವಾಪಸು ಕರೆದುಕೊಳ್ಳಬೇಕೆಂದಿರಲಿಲ್ಲ. ಅಂದರೆ ಅದು ಒಂದೇ ಕಡೆಯ ಟಿಕೀಟು. ಬಲ್ಗೇರಿಯದಿಂದ ಫ್ರಾನ್ಸಿಗೆ ಕೆಲಸಕ್ಕೆ ಬರುವವನನ್ನು ಫ್ರಾನ್ಸ್ ಹೇಗೆ ನೋಡುತ್ತದೆ? ನಾಳೆ ಕೆಲಸ ಇಲ್ಲದಿದ್ದರೆ ಇವನನ್ನು ಎಲ್ಲಿಗೆ ಕಳಿಸುವುದು ಅಂತ. ಹಾಗಾಗಿ ಕಾಗದ ಇದ್ದರೂ ವೀಸಾ ಸಿಗುವುದು ಕಷ್ಟವಾಯಿತು. ಕಳಿಸುವ ದೇಶಕ್ಕೆ ಕಳಿಸುವ ಅವಸರ, ಪಡೆಯುವ ದೇಶಕ್ಕೆ ಪಡೆಯುವ ಭಯ. 1926ರ ಮೇ ತಿಂಗಳ ಇನ್ನೊಂದು ಒಪ್ಪಂದದಲ್ಲಿ ಹಿಂದಿರುಗುವ ವೀಸಾ ಸೇರಿಸಿ ಈ ತೂತು ಮುಚ್ಚಲು ನೋಡಿದರು. ಅದೇ ಸಲ ನಾನ್ಸೆನ್ ಸ್ಟಾಂಪು ಬಂತು. ಕೈಯಲ್ಲಿ ಕಾಸಿದ್ದ ನಿರಾಶ್ರಿತ ಐದು ಚಿನ್ನದ ಫ್ರಾಂಕಿನ ಸ್ಟಾಂಪನ್ನು ಕಾಗದಕ್ಕೆ ಅಂಟಿಸಬೇಕು, ಬಡವನಿಗೆ ಬೇಡ. ಆ ಹಣದಲ್ಲಿ ಇಲ್ಲದವರಿಗೆ ಸಹಾಯ. ದೊಡ್ಡ ದೊಡ್ಡ ಸರಕಾರಗಳು ಹಣ ಬಿಚ್ಚದಿದ್ದಾಗ ನಿರಾಶ್ರಿತರೇ ನಿರಾಶ್ರಿತರನ್ನು ಸಾಕುವ ಏರ್ಪಾಡು. ನನಗಂತೂ ಇದು ಹೊಳೆಯುವ ಬುದ್ಧಿಯೂ ಹೌದು, ನಾಚಿಕೆಯ ಸಂಗತಿಯೂ ಹೌದು ಅನ್ನಿಸಿತು.

ಇನ್ನು ಮುಂದಿನದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಸಾಮಾನ್ಯವಾಗಿ ಮಹಾಪುರುಷರ ಬಗ್ಗೆ ಬರೆಯುವಾಗ ಒಳ್ಳೆಯದನ್ನಷ್ಟೇ ಬರೆದು ಮುಗಿಸುತ್ತೇವೆ. ಆದರೆ ನಾನ್ಸೆನ್‌ನಿಂದ ಕಲಿಯಬೇಕಾದದ್ದು ಆತ ಎಡವಿದ ಜಾಗದಲ್ಲೂ ಇದೆ.

ನಿರಾಶ್ರಿತರಿಗೆ ಕೊನೆಯ ಪರಿಹಾರ ತಮ್ಮ ದೇಶಕ್ಕೆ ಮರಳುವುದೇ ಅಂತ ನಾನ್ಸೆನ್ ಮೊದಮೊದಲು ನಂಬಿದ್ದ. ಸೋವಿಯತ್ ಸರಕಾರದ ಜೊತೆ ಮಾತಾಡಿ, 1922-23ರಲ್ಲಿ ಬಲ್ಗೇರಿಯದಲ್ಲಿದ್ದ ಸುಮಾರು ಆರು ಸಾವಿರ ಜನರನ್ನು, ಮುಖ್ಯವಾಗಿ ಕೊಸಾಕರನ್ನು, ರಷ್ಯಕ್ಕೆ ವಾಪಸು ಕಳಿಸುವ ಏರ್ಪಾಡು ಮಾಡಿದ. ಮನಸ್ಸಿದ್ದವರು ಮಾತ್ರ ಹೋಗಬೇಕು, ಹೋದವರಿಗೆ ಕ್ಷಮಾದಾನ ಸಿಗಬೇಕು, ಅವರು ಹೇಗಿದ್ದಾರೆಂದು ತನ್ನ ಪ್ರತಿನಿಧಿಗಳು ಹೋಗಿ ನೋಡಲು ಬಿಡಬೇಕು ಅಂತ ಷರತ್ತು. ಹೊರಗಿದ್ದ ರಷ್ಯನ್ನರ ಸಂಘಗಳು ನಾನ್ಸೆನ್ ಮೇಲೆ ಉರಿದುಬಿದ್ದವು. ಓಡಿಬಂದವರನ್ನು ಓಡಿಸಿದವರ ಕೈಗೇ ಕೊಡುತ್ತಿದ್ದಾನೆ ಅಂತ ಅವರ ಆರೋಪ. ಆ ಏರ್ಪಾಡು ಹೆಚ್ಚು ದಿನ ನಡೆಯಲೂ ಇಲ್ಲ. ಷರತ್ತುಗಳು ಚೆನ್ನಾಗಿದ್ದವು. ಆದರೆ ಅಷ್ಟು ವಿಶಾಲ ದೇಶದಲ್ಲಿ ಹಳ್ಳಿಗೆ ಹೋದ ಒಬ್ಬ ಕೊಸಾಕ್ ಮುಂದಿನ ವರ್ಷ ಏನಾದ ಅಂತ ಬೆರಳೆಣಿಕೆಯ ಪ್ರತಿನಿಧಿಗಳು ಎಷ್ಟು ನೋಡಬಲ್ಲರು? ಸರಕಾರವೊಂದು ಕೊಟ್ಟ ಮಾತನ್ನು ಅದೇ ಸರಕಾರದ ನೆಲದಲ್ಲಿ ನಿಂತು ಪರೀಕ್ಷಿಸುವುದು ಹೇಗೆ? ಆಶ್ರಯ ಕೋರಿ ಬಂದವರನ್ನು ಬೇರೆ ದೇಶಕ್ಕೆ ಕಳಿಸುವಾಗ ನ್ಯಾಯಾಲಯಗಳು ಕೇಳುವ ಪ್ರಶ್ನೆ ನೂರು ವರ್ಷದ ನಂತರವೂ ಇದೇ.

ಇದೇ ಕಾಲದಲ್ಲಿ ರಷ್ಯದಲ್ಲಿ ಭೀಕರ ಕ್ಷಾಮ ಬಂದಿತ್ತು. ನಾನ್ಸೆನ್ ರಾಷ್ಟ್ರಸಂಘದ ಮುಂದೆ ಸಾಲಕ್ಕಾಗಿ ಬೇಡಿದ, ಸರಕಾರಗಳು ಒಪ್ಪಲಿಲ್ಲ. ಅಮೆರಿಕದ ಪರಿಹಾರ ಸಂಸ್ಥೆಯೇ ಹೆಚ್ಚಿನ ಹೊಟ್ಟೆಗಳಿಗೆ ಅನ್ನ ಕೊಟ್ಟಿತು. ನಾನ್ಸೆನ್ ಊರೂರು ತಿರುಗಿ ಭಾಷಣ ಮಾಡಿ ಜನರಿಂದ ಹಣ ಎತ್ತಿದ. 1922ರ ನೊಬೆಲ್ ಶಾಂತಿ ಪ್ರಶಸ್ತಿ ಆತನಿಗೆ ಬಂತು. ಆ ಹಣವನ್ನೂ ಪರಿಹಾರದ ಕೆಲಸಕ್ಕೇ ಹಾಕಿದ.

ಪ್ರಶಸ್ತಿ ಬಂದ ಆ ಚಳಿಗಾಲದಲ್ಲೇ ನಾನ್ಸೆನ್ ತನ್ನ ಬದುಕಿನ ಅತ್ಯಂತ ಕಷ್ಟದ ಕೆಲಸಕ್ಕೆ ಕೈ ಹಾಕಿದ. 1922ರ ಸೆಪ್ಟೆಂಬರಿನಲ್ಲಿ ತುರ್ಕಿಯ ಸೈನ್ಯ ಗ್ರೀಕ್ ಸೈನ್ಯವನ್ನು ಸೋಲಿಸಿ ಸ್ಮಿರ್ನಾ ಪಟ್ಟಣ ಹಿಡಿಯಿತು. ಪಟ್ಟಣ ಬೆಂಕಿಗೆ ಆಹುತಿಯಾಯಿತು. ಅನಾಟೋಲಿಯದ ಗ್ರೀಕ್ ಕ್ರೈಸ್ತರು ಲಕ್ಷಗಟ್ಟಲೆ ಗ್ರೀಸಿಗೆ ಓಡಿಬಂದರು. ಸುಮಾರು 50 ಲಕ್ಷ ಜನಸಂಖ್ಯೆಯ ಬಡ ದೇಶಕ್ಕೆ ಹತ್ತು ಲಕ್ಷದಷ್ಟು ಹೊಸ ಹೊಟ್ಟೆಗಳು. ಚಳಿಗಾಲ ಮುಂದಿದೆ, ಮನೆ ಇಲ್ಲ, ಹೊಲ ಇಲ್ಲ. ಈ ಸಮಯದಲ್ಲಿ ಎರಡೂ ಸರಕಾರಗಳ ನಡುವೆ ಓಡಾಡಿ ಮಾತು ನಡೆಸಿದವನು ನಾನ್ಸೆನ್. ಲೊಸಾನ್ ಪಟ್ಟಣದ ಸಮ್ಮೇಳನದಲ್ಲಿ 1923ರ ಜನವರಿ 30ರಂದು ಒಪ್ಪಂದವಾಯಿತು. ತುರ್ಕಿಯ ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರೆಲ್ಲ ಗ್ರೀಸಿಗೆ, ಗ್ರೀಸಿನ ಮುಸಲ್ಮಾನರೆಲ್ಲ ತುರ್ಕಿಗೆ. ಕಾನ್‌ಸ್ಟಾಂಟಿನೋಪಲ್‌ನ ಗ್ರೀಕರು ಮತ್ತು ಪಶ್ಚಿಮ ಥ್ರೇಸಿನ ಮುಸಲ್ಮಾನರನ್ನು ಬಿಟ್ಟು ಉಳಿದ ಎಲ್ಲರಿಗೂ ಇದು ಕಡ್ಡಾಯ. ಒಟ್ಟು ಸುಮಾರು 12 ಲಕ್ಷ ಕ್ರೈಸ್ತರು, ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸಲ್ಮಾನರು ಈ ಲೆಕ್ಕದೊಳಗೆ ಬಂದರು.

ನಿನ್ನ ಭಾಷೆ ಯಾವುದು ಅಂತ ಯಾರೂ ಕೇಳಲಿಲ್ಲ. ಧರ್ಮ ಒಂದೇ ಅಳತೆಗೋಲು. ಅನಾಟೋಲಿಯದ ನಡುಭಾಗದ ಎಷ್ಟೋ ಕ್ರೈಸ್ತರಿಗೆ ಗೊತ್ತಿದ್ದದ್ದು ತುರ್ಕಿ ಭಾಷೆ ಮಾತ್ರ, ಅವರನ್ನು ಗ್ರೀಸಿಗೆ ಕಳಿಸಿದರು. ಕ್ರೀಟ್ ದ್ವೀಪದ ಎಷ್ಟೋ ಮುಸಲ್ಮಾನರ ಮನೆಮಾತು ಗ್ರೀಕ್, ಅವರನ್ನು ತುರ್ಕಿಗೆ ಕಳಿಸಿದರು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಕನ್ನಡದವರು ನಾವು. ಯಾವುದು ನಿನ್ನ ಊರು ಅಂತ ಕೇಳಿದರೆ ನಮ್ಮಲ್ಲೇ ಅರ್ಧ ಜನ ತಡವರಿಸುತ್ತೇವೆ. ಅದನ್ನು ಬೇರೆ ಯಾರೋ ಮೇಜಿನ ಮೇಲೆ ಕೂತು ತೀರ್ಮಾನಿಸಿದರೆ ಹೇಗಿರುತ್ತದೆ, ಯೋಚನೆ ಮಾಡಿ.

ಸಮ್ಮೇಳನ ನಡೆಸಿದವನು ಲಾರ್ಡ್ ಕರ್ಜನ್, ನಮ್ಮ ಬಂಗಾಲವನ್ನು 1905ರಲ್ಲಿ ಒಡೆದ ಅದೇ ವೈಸರಾಯ್. ಇದು ಕೆಟ್ಟ ದಾರಿ ಅಂತ ಆತನೇ ಒಪ್ಪಿಕೊಂಡಿದ್ದ. ನಾನ್ಸೆನ್‌ಗೂ ಇದು ಸುಖದ ತೀರ್ಮಾನವಾಗಿರಲಿಲ್ಲ. ಆತನ ವಾದ ಇಷ್ಟೇ: ಹೆಚ್ಚಿನ ಗ್ರೀಕರು ಆಗಲೇ ಓಡಿಬಂದಾಗಿದೆ, ತುರ್ಕಿ ಅವರನ್ನು ಮತ್ತೆ ಸೇರಿಸುವುದಿಲ್ಲ, ಮುಸಲ್ಮಾನರು ಬಿಟ್ಟುಹೋದ ಮನೆ ಹೊಲಗಳಲ್ಲಿ ಇವರಿಗೆ ಜಾಗ ಸಿಗದಿದ್ದರೆ ಚಳಿಯಲ್ಲಿ ಸಾಯುತ್ತಾರೆ. ಆ ಹೊತ್ತಿನ ಲೆಕ್ಕದಲ್ಲಿ ಆತ ಹೇಳಿದ್ದು ಸುಳ್ಳಲ್ಲ. ಗ್ರೀಸಿಗೆ 1924ರಲ್ಲಿ ರಾಷ್ಟ್ರಸಂಘದ ಮೂಲಕ ದೊಡ್ಡ ಸಾಲ ಸಿಕ್ಕಿ, ಪುನರ್ವಸತಿ ಆಯೋಗ ಊರುಗಳನ್ನೇ ಕಟ್ಟಿತು. ಆದರೆ ಆ ಚಳಿಗಾಲ ಕಳೆದ ಮೇಲೂ ಯಾರೂ ತಮ್ಮ ಊರಿಗೆ ಮರಳುವಂತಿರಲಿಲ್ಲ. ಕಾಗದದ ಮೂಲಕ ಬಾಗಿಲು ತೆರೆದವನೇ ಇಲ್ಲಿ ಕಾಗದದ ಮೂಲಕ ಬಾಗಿಲು ಮುಚ್ಚಲು ಕೈ ಜೋಡಿಸಿದ.

ಆಸ್ತಿಯ ಲೆಕ್ಕ ಏನಾಯಿತು ಅಂತ ನೋಡಿದೆ, ಕಾಮರ್ಸಿನ ಚಾಳಿ. ಪ್ರತಿಯೊಬ್ಬ ಬಿಟ್ಟುಬಂದ ಮನೆ ಹೊಲದ ಬೆಲೆ ಕಟ್ಟಿ, ಬಂದ ಕಡೆ ಅಷ್ಟೇ ಬೆಲೆಯ ಆಸ್ತಿ ಕೊಡಬೇಕು ಅಂತ ಒಪ್ಪಂದದಲ್ಲಿತ್ತು. ಮಿಶ್ರ ಆಯೋಗವೊಂದು ವರ್ಷಗಟ್ಟಲೆ ಕೂತಿತು, ಲೆಕ್ಕ ತೀರಲಿಲ್ಲ. ಕೊನೆಗೆ 1930ರ ಜೂನ್ 10ರಂದು ಅಂಕಾರಾದಲ್ಲಿ ಎರಡು ಸರಕಾರಗಳೂ ಒಂದರ ಲೆಕ್ಕವನ್ನು ಇನ್ನೊಂದರ ಲೆಕ್ಕಕ್ಕೆ ವಜಾ ಮಾಡಿ ಕೈತೊಳೆದುಕೊಂಡವು. ಪುಸ್ತಕ ಸರಿಹೋಯಿತು. ಒಬ್ಬ ರೈತನ ದ್ರಾಕ್ಷಿ ತೋಟ ಯಾವ ಖಾತೆಯಲ್ಲೂ ಜಮಾ ಆಗಲಿಲ್ಲ. ನಮ್ಮ 1947ರ ಕತೆ ಗೊತ್ತಿರುವವರಿಗೆ, ಉಲ್ಲಾಸನಗರದ ಸಿಂಧಿ ಅಜ್ಜಂದಿರ ಮಾತು ಕೇಳಿದವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನ್ಸೆನ್‌ನ ಕೊನೆಯ ವರ್ಷಗಳು ಆರ್ಮೇನಿಯದವರ ಹಿಂದೆ ಹೋದವು. ತುರ್ಕಿಯಲ್ಲಿ ಆದ ಕಗ್ಗೊಲೆಯಿಂದ ಉಳಿದವರು ಸಿರಿಯ, ಗ್ರೀಸ್ ಮುಂತಾದ ಕಡೆ ಶಿಬಿರಗಳಲ್ಲಿದ್ದರು. 1925ರಲ್ಲಿ ಆತ ಸೋವಿಯತ್ ಆರ್ಮೇನಿಯಕ್ಕೆ ಹೋಗಿ, ನೀರಾವರಿ ಮಾಡಿದರೆ ಎಲ್ಲಿ ಎಷ್ಟು ಜನ ಬದುಕಬಹುದು ಅಂತ ಸ್ವತಃ ನೋಡಿ ಬಂದ. ಲೊಸಾನ್‌ಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಬೇಕು. ಈ ಸಲ ಆತ ಮೊದಲು ನೆಲ ನೋಡಿದ, ನೀರು ನೋಡಿದ, ಆಮೇಲೆ ಜನರನ್ನು ಕಳಿಸುವ ಮಾತಾಡಿದ. ಸಾಲಕ್ಕಾಗಿ ರಾಷ್ಟ್ರಸಂಘದ ಮುಂದೆ ವರ್ಷ ವರ್ಷ ನಿಂತ. ಯುದ್ಧಕಾಲದಲ್ಲಿ ಆರ್ಮೇನಿಯದವರಿಗೆ ದೊಡ್ಡ ದೊಡ್ಡ ಮಾತು ಕೊಟ್ಟಿದ್ದ ದೇಶಗಳು ಹಣದ ವಿಷಯ ಬಂದಾಗ ಮುಖ ತಿರುಗಿಸಿದವು. ಯೋಜನೆ ಆತನ ಕಾಲದಲ್ಲಿ ಕೈಗೂಡಲಿಲ್ಲ. ಆತನ ನಂತರ ಆತನ ಹೆಸರಿನ ಕಚೇರಿ ಸುಮಾರು ಹತ್ತು ಸಾವಿರ ಜನರನ್ನು ಯೆರೆವಾನ್ ಕಡೆಗೂ, ನಲವತ್ತು ಸಾವಿರ ಜನರನ್ನು ಸಿರಿಯ ಮತ್ತು ಲೆಬನಾನಿನಲ್ಲೂ ನೆಲೆಗೊಳಿಸಿತು.

1930ರ ಮೇ 13ರಂದು ನಾನ್ಸೆನ್ ತನ್ನ ಮನೆಯಲ್ಲಿ ತೀರಿಕೊಂಡ. ವಯಸ್ಸು 68. ಅಂತ್ಯಕ್ರಿಯೆ ನಡೆದದ್ದು ಮೇ 17ರಂದು, ಅದು ನಾರ್ವೆಯ ರಾಷ್ಟ್ರೀಯ ಹಬ್ಬದ ದಿನ. ಆತ ಸತ್ತ ನಾಲ್ಕೇ ವಾರಕ್ಕೆ ಅಂಕಾರಾದಲ್ಲಿ ಆ ಆಸ್ತಿಯ ಲೆಕ್ಕ ವಜಾ ಆಯಿತು.

ಆತ ಹಾಕಿದ ದಾರಿ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಬೇರೆ ಎಲ್ಲಿಗೂ ಕ್ರಮವಾಗಿ ಹೋಗಲಾರದ ನಿರಾಶ್ರಿತನನ್ನು ಹೊರದೂಡುವುದನ್ನು ತಡೆಯಬೇಕು ಅಂತ 1928ರ ಒಪ್ಪಂದದಲ್ಲಿ ಒಂದು ಸಲಹೆ ಇತ್ತು. 1933ರ ಅಕ್ಟೋಬರಿನಲ್ಲಿ ಅದು ಸಲಹೆಯಿಂದ ಕಾನೂನಾಯಿತು. ನಿರಾಶ್ರಿತನನ್ನು ಆತನ ದೇಶದ ಗಡಿಗೆ ತಿರುಗಿಸಿ ದೂಡಬಾರದು ಅನ್ನೋ ನಿಯಮ ಅಂತರರಾಷ್ಟ್ರೀಯ ಒಪ್ಪಂದವೊಂದರಲ್ಲಿ ಕಟ್ಟುಪಾಡಾಗಿ ಬಂದದ್ದು ಆಗಲೇ ಮೊದಲು. ಆದರೆ ಪೂರ್ತಿ ಒಪ್ಪಿ ಜಾರಿಗೆ ತಂದ ದೇಶಗಳು ಹತ್ತೂ ಇರಲಿಲ್ಲ. ಅದರ ಫಲ ಬೇಗನೆ ಕಂಡಿತು. 1939ರ ಮೇ ತಿಂಗಳಲ್ಲಿ ಹಿಟ್ಲರನ ಜರ್ಮನಿಯಿಂದ 937 ಜನರನ್ನು ಹೊತ್ತ ಸೇಂಟ್ ಲೂಯಿಸ್ ಹಡಗು ಕ್ಯೂಬಾಕ್ಕೆ ಹೋಯಿತು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಯಹೂದಿಗಳು. ಅವರ ಕೈಯಲ್ಲಿ ಕಾಗದ ಇತ್ತು, ಆದರೆ ಕ್ಯೂಬಾ ಅಷ್ಟರಲ್ಲಿ ಅದನ್ನು ರದ್ದು ಮಾಡಿತ್ತು. ಅಮೆರಿಕವೂ ಇಳಿಸಿಕೊಳ್ಳಲಿಲ್ಲ. ಹಡಗು ಯುರೋಪಿಗೆ ತಿರುಗಿತು. ಅದರಲ್ಲಿದ್ದವರ ಪೈಕಿ 254 ಜನ ಮುಂದೆ ನಾಜಿಗಳ ಕೈಯಲ್ಲಿ ಸತ್ತರು. ಈ ಪಾಠದ ನಂತರ 1951ರ ನಿರಾಶ್ರಿತರ ಒಪ್ಪಂದದ 33ನೆಯ ಕಲಮಿನಲ್ಲಿ ಅದೇ ನಿಯಮ ಮತ್ತೆ ಬಂತು, ಈ ಸಲ ನೂರಕ್ಕೂ ಹೆಚ್ಚು ದೇಶಗಳು ಒಪ್ಪಿದವು.

ನಾನ್ಸೆನ್‌ನ ಮಗ ಊಡ್ ಕೂಡ ನಿರಾಶ್ರಿತರಿಗಾಗಿ ಸಂಸ್ಥೆ ಕಟ್ಟಿ, ಅದರ ನಂತರ ನಾಜಿಗಳ ಸೆರೆಶಿಬಿರ ಕಂಡ. ಅಲ್ಲಿ ಆತ ಒಬ್ಬ ಯಹೂದಿ ಬಾಲಕನ ಜೀವ ಉಳಿಸಲು ನೆರವಾದ. ಆ ಬಾಲಕ ಥಾಮಸ್ ಬರ್ಗೆಂತಾಲ್ ದೊಡ್ಡವನಾಗಿ ಹೇಗ್ ಪಟ್ಟಣದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಮೂರ್ತಿಯಾದ. ಕತೆಯಲ್ಲ, ನಡೆದದ್ದು.

ಇದೆಲ್ಲ ಹಳೆಯದಾಯಿತು ಅಂತ ಯಾರಾದರೂ ಅಂದರೆ 2022ರ ಸಂಗತಿ ಹೇಳಬೇಕು. ಆಶ್ರಯ ಕೋರಿ ದೋಣಿಗಳಲ್ಲಿ ಬಂದವರನ್ನು ಆಫ್ರಿಕದ ರುವಾಂಡಾಕ್ಕೆ ಕಳಿಸುವುದಾಗಿ ಬ್ರಿಟನ್ ಸರಕಾರ ಒಪ್ಪಂದ ಮಾಡಿಕೊಂಡಿತು. ಅವರ ಅರ್ಜಿಯನ್ನೂ ಅಲ್ಲೇ ನೋಡುವುದು, ಆಶ್ರಯವನ್ನೂ ಅಲ್ಲೇ ಕೊಡುವುದು. 2023ರ ನವೆಂಬರ್ 15ರಂದು ಅಲ್ಲಿನ ಸುಪ್ರೀಂ ಕೋರ್ಟು ಇದು ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ರುವಾಂಡಾದಲ್ಲಿ ಅರ್ಜಿಗಳ ವಿಚಾರಣೆ ಸರಿಯಾಗಿ ನಡೆಯದೆ, ಓಡಿಬಂದ ದೇಶಕ್ಕೇ ವಾಪಸು ಕಳಿಸುವ ಅಪಾಯವಿದೆ ಅನ್ನುವುದು ಕಾರಣ. ಮೂರನೇ ದೇಶದ ಕೈಯಿಂದ ದೂಡಿಸಿದರೂ ದೂಡಿದ ಹಾಗೆಯೇ. ಸರಕಾರ 2024ರಲ್ಲಿ ರುವಾಂಡಾ ಸುರಕ್ಷಿತ ಅಂತ ಕಾನೂನೇ ಮಾಡಿತು. ಅದೇ ಜುಲೈಯಲ್ಲಿ ಬಂದ ಹೊಸ ಸರಕಾರ ಯೋಜನೆಯನ್ನು ಕೈಬಿಟ್ಟಿತು. ಸುಮಾರು 70 ಕೋಟಿ ಪೌಂಡು ಖರ್ಚಾಗಿತ್ತು. ತಾವಾಗಿ ಒಪ್ಪಿ ಹೋದವರು ನಾಲ್ಕು ಜನ. ಕಾನೂನು ಬಿಡಿ, ಬರೀ ಜಮಾಖರ್ಚು ನೋಡಿದರೂ ತಲೆ ತಿರುಗುತ್ತದೆ.

ನಮ್ಮ ದೇಶ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೆ 1996ರಲ್ಲಿ ಚಕ್ಮಾ ಜನರ ಮೊಕದ್ದಮೆಯಲ್ಲಿ, ಸಂವಿಧಾನದ 21ನೇ ಕಲಮಿನ ಬದುಕುವ ಹಕ್ಕು ಪೌರನಲ್ಲದವನಿಗೂ ಇದೆ ಅಂತ ನಮ್ಮ ಸುಪ್ರೀಂ ಕೋರ್ಟು ಹೇಳಿದೆ. ಟಿಬೆಟ್ಟಿನಿಂದ ಬಂದವರಿಗೆ 1960ರ ದಶಕದಲ್ಲಿ ಬೈಲುಕುಪ್ಪೆ, ಮುಂಡಗೋಡಗಳಲ್ಲಿ ಜಾಗ ಕೊಟ್ಟದ್ದು ನಮ್ಮ ಕನ್ನಡ ನಾಡೇ.

ಹೋದ ಡಿಸೆಂಬರಿನಲ್ಲಿ ಫುಟ್‌ಪಾತಿನ ಮೇಲೆ ಸ್ವೆಟರ್ ಮಾರುತ್ತಿದ್ದ ಟಿಬೆಟಿನ ಅಕ್ಕ ಒಬ್ಬರ ಹತ್ತಿರ ಅಜ್ಜನಿಗಾಗಿ ಸ್ವೆಟರ್ ನೋಡುತ್ತಿದ್ದೆ. ನಾನು ಗೆಳೆಯನ ಜೊತೆ ಕನ್ನಡದಲ್ಲಿ ಬೆಲೆ ಜಾಸ್ತಿ ಅಂತ ಪಿಸುಗುಟ್ಟಿದ್ದು ಅವರಿಗೆ ಕೇಳಿಸಿತು. ತಮ್ಮಾ, ಅದು ಒಳ್ಳೇ ಉಣ್ಣೆ ಅಂತ ಕನ್ನಡದಲ್ಲೇ ಬೈದರು. ಅವರು ಮುಂಡಗೋಡದಲ್ಲಿ ಹುಟ್ಟಿದವರು. ಮಾತಿಗೆ ಮಾತು ಬಂದು, ಮಗಳನ್ನು ನೋಡಲು ಹೊರದೇಶಕ್ಕೆ ಹೋಗುವಾಗ ಪಾಸ್‌ಪೋರ್ಟು ಹೇಗೆ ಅಂತ ಕೇಳಿದೆ. ತಮ್ಮ ಹತ್ತಿರ ಭಾರತ ಸರಕಾರ ಕೊಟ್ಟ ಹಳದಿ ಪುಸ್ತಕ ಇದೆ, ಗುರುತಿನ ಪ್ರಮಾಣಪತ್ರ, ಅದರಲ್ಲೇ ಹೋಗಿ ಅದರಲ್ಲೇ ವಾಪಸು ಬರಬಹುದು ಅಂದರು. ವಾಪಸು ಬರಬಹುದು ಅನ್ನೋ ಮಾತಿಗೆ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ನಾನ್ಸೆನ್ ಅಂತ ಹೆಸರು ಕೇಳಿದ್ದೀರಾ ಅಂದೆ. ಇಲ್ಲ ಅಂದರು. ಆ ಸ್ವೆಟರಿಗೆ ಇನ್ನು ಚೌಕಾಸಿ ಮಾಡಲಿಲ್ಲ, ಹೇಳಿದ ಬೆಲೆಗೇ ತೆಗೆದುಕೊಂಡು ಬಂದೆ. ಮನೆಯಲ್ಲಿ ಅಮ್ಮನಿಂದ ಬೈಸಿಕೊಂಡೆ.